ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿಸಲು ಅಬ್ಸಿಡಿಯನ್‌ನಲ್ಲಿ ಟಿಪ್ಪಣಿ ಹೇಗೆ ಇಡಬೇಕು?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಒಬ್ಬರು ಕಥೆ ನಡೆಸುತ್ತ, ಉಳಿದವರು ಪಾತ್ರಗಳಾಗಿ ಆಡುವ ಆಟ. ನೀವು ಆಡಿಸುವ ಕಥೆಯ ಪಾತ್ರಗಳು, ಊರುಗಳು, ಒಗಟುಗಳು ನೋಟ್‌ಬುಕ್ಕಿನಲ್ಲೂ ವಾಟ್ಸ್ಆ್ಯಪ್‌ನಲ್ಲೂ ಚೆಲ್ಲಾಪಿಲ್ಲಿಯಾಗಿವೆ, ಟಿಪ್ಪಣಿ ಬರೆದಿಡುವ ಅಬ್ಸಿಡಿಯನ್ ತಂತ್ರಾಂಶದಲ್ಲಿ ಯಾವ ಯಾವ ಫೋಲ್ಡರ್ ಮಾಡಲಿ ಎಂದು ಕೇಳಿದ್ದೀರಿ. ಫೋಲ್ಡರ್ ಚಿಂತೆ ಬಿಡಿ. ಮೊದಲು ‘ಬಾಕಿ’ ಎಂಬ ಒಂದು ಪುಟ ತೆರೆಯಿರಿ.

ವಿಜಯಪುರದಲ್ಲಿ ನನ್ನ ಗುಂಪಿಗೆ ಆಡಿಸುತ್ತಿರುವ ಕಥೆ ಇದೇ ಊರಿನದು. 1686ರ ಮುತ್ತಿಗೆ: ಕೋಟೆಯ ಹೊರಗೆ ಔರಂಗಜೇಬನ ಸೈನ್ಯ, ಒಳಗೆ ಸುಲ್ತಾನ ಸಿಕಂದರ್ ಆದಿಲ್ ಶಾ, ತೊರವಿಯ ಕಡೆಯಿಂದ ನೀರು ತರುವ ಸುರಂಗದಲ್ಲಿ ನಮ್ಮ ಆಟಗಾರರು. ಇಂಥ ಊರು ಸಿಕ್ಕರೆ ಇತಿಹಾಸವನ್ನೆಲ್ಲ ತುಂಬಿಸುವ ಚಪಲ ಸಹಜ. ಆದರೆ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದರು ಎಂಬುದನ್ನು ಆಟದ ನಡುವೆ ಯಾರೂ ಕೇಳುವುದಿಲ್ಲ. ಸಿಂಹದ ಮುಖದಂತಿರುವ ಅದರ ಬಾಯೊಳಗೆ ಚೀಟಿ ಬಚ್ಚಿಟ್ಟವರು ಯಾರು ಎಂದು ಕೇಳುತ್ತಾರೆ. ಆದ್ದರಿಂದ ಆಟಗಾರರು ಮುಟ್ಟಿದ್ದಕ್ಕೆ ಮಾತ್ರ ಪುಟ ಮಾಡಿ, ಉಳಿದದ್ದು ನಿಮ್ಮ ತಲೆಯಲ್ಲೇ ಇರಲಿ.

‘ಬಾಕಿ’ ಪುಟ ಕಿರಾಣಿ ಅಂಗಡಿಯ ಉದ್ರಿ ವಹಿ ಇದ್ದಂತೆ. ಯಾರು ಯಾರಿಗೆ ಏನು ಮಾತು ಕೊಟ್ಟಿದ್ದಾರೆ, ಯಾವ ಗುಟ್ಟು ಯಾರಿಗೆ ಗೊತ್ತು ಎಂಬುದಷ್ಟೇ ಅಲ್ಲಿರಬೇಕು. ನನ್ನದರಲ್ಲಿ ಈಗಿರುವ ಎರಡು ಸಾಲು: ‘ಹಕೀಮನ ಔಷಧಿ ಇನ್ನೂ ತಲುಪಿಲ್ಲ, ಅಮಾವಾಸ್ಯೆ ದಾಟಿದರೆ ಅವನ ಮಗ ಉಳಿಯುವುದಿಲ್ಲ.’ ‘ಗಂಜ್ (ನೀರಿನ ಗೋಪುರ) ಕಾಯುವವನಿಗೆ ಸುರಂಗದ ವಿಷಯ ಗೊತ್ತು, ಹಣ ಕೇಳಿಲ್ಲ. ಏಕೆ?’ ಪ್ರತಿ ಸಾಲಿಗೂ ಗುರುತು ಹಾಕುವ ಚೌಕ ಇಡಿ, ತೀರಿದ್ದಕ್ಕೆ ಗುರುತು ಹಾಕಿ. ಆಟಕ್ಕೆ ಕೂರುವ ಮುನ್ನ ನಾನು ಓದುವುದು ಇದೊಂದೇ ಪುಟ.

ಇನ್ನು ಕೊಂಡಿಗಳು. ಪ್ರತಿ ಕೂಟಕ್ಕೊಂದು ಪುಟ ಮಾಡಿ, ಹೆಸರುಗಳನ್ನು ಜೋಡಿ ಚೌಕ ಆವರಣದಲ್ಲಿ ಬರೆಯಿರಿ: [[ಹಕೀಮ]]. ಅದು ಆ ಹೆಸರಿನ ಪುಟಕ್ಕೆ ಕೊಂಡಿಯಾಗುತ್ತದೆ. ಹಕೀಮನ ಪುಟ ತೆರೆದು ಬ್ಯಾಕ್‌ಲಿಂಕ್ (ಆ ಪುಟಕ್ಕೆ ಕೊಂಡಿ ಹಾಕಿದ ಪುಟಗಳ ಪಟ್ಟಿ) ನೋಡಿದರೆ ಅವನು ಬಂದುಹೋದ ಕೂಟಗಳೆಲ್ಲ ಸಿಗುತ್ತವೆ. ಫೋಲ್ಡರ್ ಬೇಡ ಎಂದದ್ದು ಇದಕ್ಕೇ. ಕನ್ನಡದಲ್ಲಿ ಬರೆಯುವವರಿಗೆ ವಿಭಕ್ತಿ ಕಾಟ ಕೊಡುತ್ತದೆ. [[ಹಕೀಮ]]ನಿಗೆ ಎಂದು ಪ್ರತ್ಯಯವನ್ನು ಹೊರಗಿಟ್ಟರೆ ನಡೆಯುತ್ತದೆ. ‘ಬುರುಜಿನ’ ಎಂಬಲ್ಲಿ ನಡೆಯುವುದಿಲ್ಲ. ಅಲ್ಲಿ ನಡುವೆ ಗೆರೆ ಹಾಕಿ [[ಬುರುಜು|ಬುರುಜಿನ]] ಎಂದು ಬರೆಯಿರಿ. ಹುಡುಕುವಾಗಲೂ ‘ಬುರುಜ’ ಎಂದಷ್ಟೇ ಕೊಡಿ. ಬುರುಜು, ಬುರುಜಿನ, ಬುರುಜಿಗೆ ಎಲ್ಲ ಬರುತ್ತವೆ.

ಪುಟಗಳ ಕೊಂಡಿಗಳನ್ನು ಚಿತ್ರವಾಗಿ ತೋರಿಸುವ ಗ್ರಾಫ್ ನೋಟ ಚೆಂದ. ಗೆಳೆಯರಿಗೆ ತೋರಿಸಲು ಇಟ್ಟುಕೊಳ್ಳಿ, ಆಡಿಸುವಾಗ ಅದರಿಂದ ನನಗಂತೂ ಪ್ರಯೋಜನವಾಗಿಲ್ಲ. ಹೆಚ್ಚುವರಿ ಸೌಲಭ್ಯ ಸೇರಿಸುವ ಪ್ಲಗಿನ್‌ಗಳನ್ನೂ ಸದ್ಯಕ್ಕೆ ಮುಟ್ಟಬೇಡಿ. ಅವುಗಳನ್ನು ಹೊಂದಿಸುತ್ತ ಕುಳಿತರೆ ಭಾನುವಾರ ಮುಗಿದಿರುತ್ತದೆ, ಆಟ ಶುರುವಾಗಿರುವುದಿಲ್ಲ.

ಅಬ್ಸಿಡಿಯನ್ ಉಚಿತ, ಇಂಟರ್‌ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಟಿಪ್ಪಣಿಗಳು ನಿಮ್ಮದೇ ಕಂಪ್ಯೂಟರಿನಲ್ಲಿ ಸಾದಾ ಪಠ್ಯದ ಕಡತಗಳಾಗಿರುತ್ತವೆ, ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿಕೊಳ್ಳಿ. ಟಿಪ್ಪಣಿಗಳನ್ನು ಬೇರೆ ಸಾಧನಗಳಿಗೂ ಒಯ್ಯುವ ಸಿಂಕ್‌ನಂಥ ಹೆಚ್ಚುವರಿ ಸೇವೆಗಳಿಗೆ ದುಡ್ಡು. ರಾಕ್ಷಸರ ಅಂಕಿಗಳು ಬೇಕಿದ್ದರೆ, 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟ ಎಸ್‌ಆರ್‌ಡಿ 5.1 ಎಂಬ ಆಟದ ಅಧಿಕೃತ ನಿಯಮ ಸಂಗ್ರಹದಿಂದ ಧಾರಾಳವಾಗಿ ನಕಲು ಮಾಡಬಹುದು. ಆಟಗಾರರಿಗೆ ಕೊಡುವ ನಕ್ಷೆ, ಪತ್ರಗಳನ್ನು ಬೇರೆ ವಾಲ್ಟ್‌ನಲ್ಲಿಡಿ (ವಾಲ್ಟ್ ಎಂದರೆ ಅಬ್ಸಿಡಿಯನ್‌ನ ಟಿಪ್ಪಣಿಗಳ ಒಂದು ಸಂಗ್ರಹ). ಪಕ್ಕದಲ್ಲಿ ಕುಳಿತವರ ಕಣ್ಣು ಲ್ಯಾಪ್‌ಟಾಪ್ ಪರದೆಯ ಮೇಲೆಯೇ ಇರುತ್ತದೆ.