ಫಲಿತಾಂಶ ನೋಡಿ ಸಂಬಳ: ಸೇರಬೇಕಾ, ಬೇಡ್ವಾ?

ಕೋಲಾರದ ಖಾಸಗಿ ಹೈಸ್ಕೂಲಲ್ಲಿ ಪಾಠ ಮಾಡುವ ನಿಮಗೆ, ವರ್ಷದ ಇನ್‌ಕ್ರಿಮೆಂಟ್ ಬಿಟ್ಟು ಮಕ್ಕಳ ಫಲಿತಾಂಶ ನೋಡಿ ಸಂಬಳ ಕೊಡುವ ಸ್ಕೀಮಿಗೆ ಸೈನ್ ಹಾಕಿ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಬೇಸಿಕ್ ನೋಡಿ. ಹೊಸ ದುಡ್ಡು ಈಗಿನ ಸಂಬಳದ ಮೇಲೆ ಬರುತ್ತಾ, ಇಲ್ಲ ಬೇಸಿಕ್ ತಗ್ಗಿಸಿ ಅದನ್ನೇ ಬೋನಸ್ ಅಂತ ಕೊಡ್ತಾರಾ? ಎರಡನೆಯದಾದರೆ ನಾನಂತೂ ಸೇರುವುದಿಲ್ಲ. ಬೇಸಿಕ್ ಇಳಿದರೆ ಪಿಎಫ್, ಗ್ರಾಚ್ಯುಟಿ ಎರಡಕ್ಕೂ ಏಟು ಬೀಳುತ್ತೆ.

ನಿಮ್ಮ ಪಕ್ಕದ ಆಂಧ್ರದಲ್ಲೇ 2005ರಿಂದ ಇಂಥ ಪ್ರಯೋಗ ನಡೆದಿತ್ತು, ಹಳ್ಳಿಗಳ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ. ಸಂಬಳ ಮುಟ್ಟಲಿಲ್ಲ, ಅದರ ಮೇಲೆ ಬೋನಸ್ ಕೊಟ್ಟರು, ಸರಾಸರಿ ವರ್ಷದ ಸಂಬಳದ ಶೇ 3ರಷ್ಟು. ನೋಡಿದ್ದು ಮಕ್ಕಳ ಅಂಕವನ್ನಲ್ಲ, ಹಿಂದಿನ ಸಲಕ್ಕಿಂತ ಎಷ್ಟು ಸುಧಾರಿಸಿದರು ಅನ್ನೋದನ್ನ. ಎರಡು ವರ್ಷದಲ್ಲಿ ಗಣಿತ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಬಂದರು. ಸುಮ್ನೆ ಎಸ್ಸೆಸ್ಸೆಲ್ಸಿ ಪರ್ಸೆಂಟೇಜ್ ಹಿಡಿದರೆ ಕಥೆ ಬೇರೆ: ಜಾಣ ಮಕ್ಕಳ ಸೆಕ್ಷನ್ ಸಿಕ್ಕವರಿಗೆ ಲಾಭ, ಓದೋಕೆ ಬಾರದ ಹುಡುಗರನ್ನು ವರ್ಷವಿಡೀ ತಿದ್ದಿ ಪಾಸು ಮಾಡಿಸಿದವರಿಗೆ ಚೊಂಬು, ಅಲ್ವಾ?

ಅಮೆರಿಕದ ಡೆನ್ವರ್‌ನಲ್ಲಿ ಪ್ರೊಕಾಂಪ್ ಅಂತ ಇದೇ ಥರದ ಪದ್ಧತಿ ಬಂತು. ಹಳೇ ಶಿಕ್ಷಕರಿಗೆ ಆಯ್ಕೆ ಇತ್ತು, 2006ರಿಂದ ಸೇರಿದವರಿಗೆ ಕಡ್ಡಾಯ. ಬೋನಸ್ ಏರಿಳಿಯುತ್ತೆ, ಮುಂದಿನ ವರ್ಷ ಎಷ್ಟು ಬರುತ್ತೋ ಗೊತ್ತಾಗಲ್ಲ ಅನ್ನೋ ಸಿಟ್ಟು ಬೆಳೆದು 2019ರ ಫೆಬ್ರುವರಿಯಲ್ಲಿ ಮೂರು ದಿನ ಮುಷ್ಕರವೇ ಆಯಿತು.

ಲೆಕ್ಕದ ಸೂತ್ರ ಏನು, ಸರಿಹೋಗದಿದ್ದರೆ ಹಳೇ ಸಂಬಳಕ್ಕೆ ವಾಪಸ್ ಬರಬಹುದಾ, ಎರಡನ್ನೂ ಬರೆದು ಕೊಡಿ ಅಂತ ಕೇಳಿ. ಕೊಡಲ್ಲ ಅಂದರೆ ಇದ್ದಲ್ಲೇ ಇರಿ.