ಓಟ ಮಾಡಿ, ಆದರೆ ಕೋವಿ ಬೇಡ

ನಾಪೋಕ್ಲಿನ ಓದುಗರೊಬ್ಬರ ಪತ್ರ: "ನಮ್ಮ ಮಹಿಳಾ ಸಂಘದಿಂದ ನವೆಂಬರ್ 25ಕ್ಕೆ, ಮಹಿಳೆಯರ ಮೇಲಿನ ದೌರ್ಜನ್ಯ ವಿರೋಧಿ ದಿನದಂದು, ಮಡಿಕೇರಿಯಲ್ಲಿ 10 ಕಿ.ಮೀ. ಓಟ ಇಡಬೇಕೆಂದಿದ್ದೇವೆ. ಬೆಳಿಗ್ಗೆ 6ಕ್ಕೆ ಕೋವಿ ಹಾರಿಸಿ ಚಾಲನೆ, ಎಲ್ಲರಿಗೂ ಟೀ-ಶರ್ಟ್, ಪದಕ. ಗಂಡನ ಹಿಂಸೆ ತಾಳಲಾರದೆ ಹೊರಬಂದ ಇಬ್ಬರು ವೇದಿಕೆಯಲ್ಲಿ ಮಾತಾಡಲು ಒಪ್ಪಿದ್ದಾರೆ. ಖರ್ಚು ಕಳೆದು ಉಳಿದ ಹಣ ಅಂಥವರ ನೆರವಿಗೆ. ನಿಮ್ಮ ಸಲಹೆ ಏನು?"

ಸಂಪಾದಕರ ಉತ್ತರ:

ಖಂಡಿತ ಮಾಡಿ. ಗಂಡ ಹೊಡೆದದ್ದನ್ನು "ಮನೆ ವಿಷಯ" ಎಂದು ಮುಚ್ಚಿಹಾಕುವ ಕಡೆ ಇಷ್ಟು ಜನ ಬೀದಿಗಿಳಿದು ನಡೆಯುವುದೇ ದೊಡ್ಡ ಮಾತು. ಆದರೆ ನಿಮ್ಮ ಯೋಜನೆಯಲ್ಲಿ ಕೆಲವನ್ನು ಬದಲಿಸಲೇಬೇಕು.

ಮೊದಲು ಕೋವಿ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೋಕ್ ಪೂ (ಕೋವಿ ಹೂ) ಇಟ್ಟು ಪೂಜಿಸುವ ಕೋವಿಯ ಮೇಲೆ ನಮಗೆಲ್ಲ ಗೌರವವಿದೆ. ಆದರೆ ಅದೇ ಕೋವಿ ತೋರಿಸಿ ಹೆದರಿಸಿದ ಮನೆಯಿಂದ ಬಂದವಳಿಗೆ ಆ ಸದ್ದು ಕಿವಿಗೆ ಬಿದ್ದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಕಾಲು ಕದಲುವುದಿಲ್ಲ. ಬಾವುಟ ಬೀಸಿ, ಇಲ್ಲವೇ ದುಡಿ ಬಡಿಯಿರಿ. ಪದಕವನ್ನೂ ಕೊರಳಿಗೆ ಹಾಕಬೇಡಿ, ಕೈಗೆ ಕೊಡಿ. ಕತ್ತು ಹಿಸುಕಿಸಿಕೊಂಡವರಿಗೆ ಬೇರೆಯವರ ಕೈ ಕತ್ತಿನ ಹತ್ತಿರ ಬಂದರೇ ಉಸಿರು ಸಿಕ್ಕಿಕೊಳ್ಳುತ್ತದೆ. ಇನ್ನೊಂದನ್ನು ಸ್ವಯಂಸೇವಕರೆಲ್ಲರಿಗೂ ತಿಳಿಸಿಡಿ: ಕತ್ತು ಹಿಸುಕಿದ ಗುರುತು ಹೊರಗೆ ಕಾಣದೆ ಇರಬಹುದು. ದನಿ ಗೊಗ್ಗರಾಗಿದ್ದರೆ, ನುಂಗಲು ಕಷ್ಟವಾದರೆ, ಜೋರು ತಲೆನೋವು ಅಥವಾ ಕಣ್ಣು ಮಂಜಾಗುವುದು ಇದ್ದರೆ ಅವರನ್ನು ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ರಕ್ತನಾಳಕ್ಕಾದ ಪೆಟ್ಟು ಕೆಲವು ದಿನ ಬಿಟ್ಟೂ ಜೀವಕ್ಕೆ ಎರವಾಗಬಹುದು.

ಆ ಇಬ್ಬರನ್ನು ವೇದಿಕೆ ಹತ್ತಿಸಬೇಡಿ. ಹೆಂಗಸು ಮನೆ ಬಿಡುವ ಹೊತ್ತು ಮತ್ತು ಬಿಟ್ಟ ಮೇಲಿನ ಕೆಲವು ತಿಂಗಳೇ ಅತ್ಯಂತ ಅಪಾಯದ ಕಾಲ. ಅಂಥದ್ದರಲ್ಲಿ ಒಂದು ಫೇಸ್‌ಬುಕ್ ಲೈವ್ ಸಾಕು, ಅವರು ಯಾವ ಊರಿನಲ್ಲಿದ್ದಾರೆಂದು ಗೊತ್ತಾಗಲು. ಕೊಡಗಿನಲ್ಲಂತೂ ಮನೆ ಹೆಸರೊಂದು ಹೇಳಿದರೆ ಇಡೀ ಒಕ್ಕ, ಅಂದರೆ ಮನೆತನವೆಲ್ಲ, ಗೊತ್ತಾಗುತ್ತದೆ. ನೆರವು ಕೊಡುವವರು ಕೇಳಿದಾಗ ಬೇಡ ಎನ್ನಲಾಗದೆಯೂ ಅವರು ಒಪ್ಪಿರಬಹುದು. ಎದೆಗೆ ಅಂಟಿಸುವ ಚೀಟಿಯಲ್ಲಿ ಸಂಖ್ಯೆ ಮಾತ್ರ ಇರಲಿ. ನೋಂದಣಿಯಲ್ಲಿ "ನೀವು ಸಂತ್ರಸ್ತೆಯೇ?" ಎಂದು ಕೇಳುವುದೇ ಬೇಡ. ಗೇಟಿನಲ್ಲಿ ಇಬ್ಬರನ್ನು ನಿಲ್ಲಿಸಿ. ಯಾರಾದರೂ ಬಂದು "ಇಂಥವಳು ಬಂದಿದ್ದಾಳಾ?" ಎಂದರೆ, ಗಂಡನಿರಲಿ ರಾಜಿ ಮಾಡಿಸಲು ಬಂದ ಹಿರಿಯರಿರಲಿ, ಒಂದೇ ಉತ್ತರ: "ಯಾರು ಬಂದಿದ್ದಾರೆಂದು ನಾವು ಯಾರಿಗೂ ಹೇಳುವುದಿಲ್ಲ." ವಾದಕ್ಕಿಳಿಯಬೇಡಿ. ಗಲಾಟೆಯಾದರೆ 112ಕ್ಕೆ ಕರೆ ಮಾಡಿ.

ಬೆಳಿಗ್ಗೆ ಆರಕ್ಕೆ ಮಂಜು, ದೂರದ ತೋಟಗಳಿಂದ ಬರುವವರಿಗೆ ದಾರಿಯಲ್ಲಿ ಆನೆ ಭಯ. ಎಂಟಕ್ಕೆ ಶುರು ಮಾಡಿ. ಮಡಿಕೇರಿಯ ಏರು ಇಳಿತದಲ್ಲಿ ರೂಢಿಯಿಲ್ಲದವರಿಗೆ 10 ಕಿ.ಮೀ. ಜಾಸ್ತಿ. 3 ಮತ್ತು 5 ಕಿ.ಮೀ. ನಡಿಗೆ ಸಾಕು, ಇಳಿಜಾರಿನಲ್ಲಿ ಮಂಡಿಗೆ ಪೆಟ್ಟು ಬೀಳದಂತೆ ಹೆಜ್ಜೆ ಚಿಕ್ಕದಿಡಲು ಹೇಳಿ. ತೋಟದ ಲೈನ್ ಮನೆಗಳ ಕೂಲಿ ಹೆಂಗಸರೂ ಬರಬೇಕೆಂದರೆ 25ಕ್ಕೆ ಹತ್ತಿರದ ಭಾನುವಾರವೇ ಆಗಲಿ, ಬೇರೆ ದಿನವಾದರೆ ದಿನಗೂಲಿ ಹೋಗುತ್ತದೆ. ಸುಗ್ಗಿ ಹಬ್ಬ ಪುತ್ತರಿ ಯಾವಾಗ ಎಂದೂ ನೋಡಿಕೊಳ್ಳಿ.

ನಮ್ಮ ಅಭಿಪ್ರಾಯದಲ್ಲಿ ಒಂದು ದಿನದ ಓಟಕ್ಕಿಂತ ದೊಡ್ಡ ಕೆಲಸ ವಾರಕ್ಕೊಮ್ಮೆ ಸೇರುವ ನಡಿಗೆ. ಹಿಂಸೆ ಉಂಡ ದೇಹ ಸದಾ ಬಿಗಿಹಿಡಿದಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ಅದಕ್ಕೆ ಪೈಪೋಟಿಗಿಂತ ನಿಧಾನದ ಚಲನೆ ಒಗ್ಗುತ್ತದೆ. 45 ನಿಮಿಷ ಸಾಕು: ಮೊದಲ ಐದು ನಿಮಿಷ ನಿಧಾನ, ಇಪ್ಪತ್ತೈದು ನಿಮಿಷ ಮಾತಾಡುತ್ತಾ ನಡೆಯುವಷ್ಟು ವೇಗ, ಹತ್ತು ನಿಮಿಷ ಕೈಕಾಲು ಚಾಚುವುದು, ಉಳಿದದ್ದು ಸುಮ್ಮನೆ ಕೂರುವುದು. ಭಂಗಿ ತಿದ್ದಲು ಮೈ ಮುಟ್ಟಬಾರದು. ಕಣ್ಣು ಮುಚ್ಚಿ ಎನ್ನಬಾರದು. "ಬೇಕಾದರೆ ಹೀಗೆ ಮಾಡಿ" ಎನ್ನಿ, "ಮಾಡಿ" ಎಂದು ಗದರಬೇಡಿ. ಮಳೆಗಾಲದಲ್ಲಿ ಒಳಗೆ ಸೇರಿದರೆ ಬಾಗಿಲಿಗೆ ಚಿಲಕ ಹಾಕಬೇಡಿ, ಬಾಗಿಲು ಕಾಣುವ ಹಾಗೆ ಕೂರಿಸಿ. ಮಕ್ಕಳನ್ನು ನೋಡಿಕೊಳ್ಳುವವರಿಲ್ಲದೆ ಇಂಥ ಗುಂಪುಗಳು ಮುರಿಯಬಹುದು. ಅದಕ್ಕೇ ಒಬ್ಬರನ್ನು ಗೊತ್ತುಮಾಡಿ. ವಾಟ್ಸ್‌ಆ್ಯಪ್ ಗುಂಪಿಗೆ ಹೊಲಿಗೆ, ಅಡುಗೆ ಎಂಥದ್ದೋ ಸಾದಾ ಹೆಸರಿಡಿ, ಗಂಡ ಫೋನ್ ತೆರೆದು ನೋಡುವ ಮನೆಗಳು ಎಷ್ಟೋ.

ಇನ್ನು ಹಣ. 200 ಜನರಿಂದ 300 ರೂಪಾಯಿಯಂತೆ 60,000 ಬಂತು ಎನ್ನಿ. ಟೀ-ಶರ್ಟ್ 200, ಪದಕ 60 ಎಂದರೂ 52,000 ಅಲ್ಲೇ ಹೋಯಿತು. ಉಳಿದ 8,000 ಶಾಮಿಯಾನ, ಮೈಕ್‌ಗೂ ಸಾಲದು. ಆದ್ದರಿಂದ ಟೀ-ಶರ್ಟ್ ಬಿಡಿ. ನೀರು, ಉಪ್ಪಿಟ್ಟು, ಆಂಬುಲೆನ್ಸ್ ಖರ್ಚನ್ನು ತೋಟದ ಮಾಲೀಕರು, ಅಂಗಡಿಯವರಿಂದ ಮೊದಲೇ ಹೊಂದಿಸಿ, ಪ್ರವೇಶ ಶುಲ್ಕ ಪೂರ್ತಿ ನಿಧಿಗೇ ಹೋಗಲಿ. ಮದ್ಯದಂಗಡಿಯ ಪ್ರಾಯೋಜಕತ್ವ ದಯವಿಟ್ಟು ಬೇಡ.

ನಿಮ್ಮ ಸಂಘ ನೋಂದಣಿಯಾಗಿರದಿದ್ದರೆ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಡಿ ಮಾಡಿಸಿ, ಇಬ್ಬರ ಸಹಿಯ ಖಾತೆ ತೆರೆಯಿರಿ. ಒಬ್ಬರ ಸ್ವಂತ ಖಾತೆಯ ಕ್ಯೂಆರ್ ಕೋಡ್ ಅಂಟಿಸಿದರೆ ಮುಂದೆ ಜಗಳ ಖಚಿತ. ವಿದೇಶದಲ್ಲಿರುವ ನೆಂಟರ ಹಣದಲ್ಲಿ ಒಂದು ಎಚ್ಚರಿಕೆ: ಅಲ್ಲಿನ ಪೌರತ್ವ ಪಡೆದವರಿಂದ ದೇಣಿಗೆ ಪಡೆಯಲು ವಿದೇಶಿ ದೇಣಿಗೆ ಕಾಯಿದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಬ್ಯಾಂಕ್ ಮೂಲಕ ಕೊಡಬಹುದು.

ನೆರವು ಬೇಕಾದವಳಿಗೆ ಸಣ್ಣ ಮೊತ್ತವಾದರೂ ಬೇಗ ಕೈಸೇರಬೇಕು. ಸಭೆ ಕರೆದು ಠರಾವು ಮಾಡುವಷ್ಟರಲ್ಲಿ ಅವಳು ಹಿಂದಿರುಗಿ ಹೊಡೆತದ ಮನೆಗೇ ಹೋಗಿರುತ್ತಾಳೆ. 5,000ದವರೆಗೆ ಇಬ್ಬರು ಪದಾಧಿಕಾರಿಗಳೇ ಅದೇ ದಿನ ಕೊಡುವ ಅಧಿಕಾರ ಇರಲಿ. ಸರ್ಕಾರಿ ಬಸ್ ಹೆಂಗಸರಿಗೆ ಉಚಿತ ನಿಜ, ಆದರೆ ಗುರುತಿನ ಚೀಟಿ ಗಂಡನ ಮನೆಯಲ್ಲೇ ಉಳಿದಿದ್ದರೆ, ಊರಿಗೆ ಖಾಸಗಿ ಬಸ್ ಮಾತ್ರ ಇದ್ದರೆ ದುಡ್ಡು ಬೇಕೇ ಬೇಕು. ಅವಳ ಖಾತೆಗೆ ಹಣ ಹಾಕುವ ಮುನ್ನ ಕೇಳಿ: ಬ್ಯಾಂಕಿನ ಮೆಸೇಜ್ ಯಾರ ಮೊಬೈಲಿಗೆ ಬರುತ್ತದೆ? ಅನುಮಾನವಿದ್ದರೆ ಬಾಡಿಗೆಯನ್ನು ಮನೆ ಮಾಲೀಕರಿಗೆ, ಫೀಸನ್ನು ಶಾಲೆಗೆ ನೇರವಾಗಿ ಕಟ್ಟಿ. ಲೆಕ್ಕದ ಪುಸ್ತಕದಲ್ಲಿ ಹೆಸರಿನ ಬದಲು ಸಂಖ್ಯೆ ಬರೆದು, ಹೆಸರಿನ ಪಟ್ಟಿಯನ್ನು ಬೇರೆಡೆ ಬೀಗ ಹಾಕಿಡಿ.

ಕಾನೂನಿನ ಕೆಲಸ ನೀವು ಮಾಡಬೇಕಾಗಿಲ್ಲ, ದಾರಿ ತೋರಿಸಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲಿ ಅವಳು ತಾತ್ಕಾಲಿಕವಾಗಿ ಇರುವ ಊರಿನ ಮ್ಯಾಜಿಸ್ಟ್ರೇಟ್ ಮುಂದೆಯೂ ಅರ್ಜಿ ಹಾಕಬಹುದು, ಗಂಡನ ಊರಿಗೇ ಹೋಗಬೇಕೆಂದಿಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಸಂರಕ್ಷಣಾಧಿಕಾರಿಯಾಗಿ ಅರ್ಜಿ ಬರೆಸುತ್ತಾರೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವಿದೆ, ಸಂಖ್ಯೆ 15100. ಮಹಿಳಾ ಸಹಾಯವಾಣಿ 181. ಈ ಸಂಖ್ಯೆಗಳನ್ನು ಬ್ಯಾನರಿನಲ್ಲಿ ಹಾಕುವುದರ ಜೊತೆಗೆ ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೂ ಅಂಟಿಸಿ, ಅಲ್ಲಿ ನಿಂತು ಬರೆದುಕೊಳ್ಳಲು ಯಾರೂ ಅಡ್ಡ ಬರುವುದಿಲ್ಲ.