ಕಾಕಾಗ ಯಾವ ರೋಗ, ಮೇಡಂ?

ಬಿ.ಎ.ಯಲ್ಲಿ ಸೈಕಾಲಜಿ ತೆಗೆದುಕೊಂಡ ಮಕ್ಕಳು ನನ್ನ ಬಳಿ ಸಲಹೆಗೆ ಹೆಚ್ಚು ಬರುವುದು ಅಬ್ನಾರ್ಮಲ್, ಅಂದರೆ ಮನೋರೋಗಗಳ ಪೇಪರ್ ಇರುವ ಸೆಮಿಸ್ಟರ್‌ನಲ್ಲಿ. ಓದಿದ ರೋಗವೆಲ್ಲ ತಮಗೇ ಇದೆ ಅನ್ನಿಸುವುದು ವೈದ್ಯಕೀಯ ಓದುವವರಲ್ಲೂ ಹಳೆಯ ಮಾತು. ಪರೀಕ್ಷೆ ಮುಗಿದರೆ ಆ ಭಯ ಸಾಮಾನ್ಯವಾಗಿ ಇಳಿಯುತ್ತದೆ. ಮನೆಯವರಿಗೆ ಹಚ್ಚಿದ ಹಣೆಪಟ್ಟಿ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ.

ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಿಜಯಪುರದ ಹಾಸ್ಟೆಲ್‌ನಲ್ಲಿದ್ದು ಓದುವ ಹುಡುಗಿ, ದ್ರಾಕ್ಷಿ ತೋಟದ ಮನೆತನ. ತನಗೆ ಬೈಪೋಲಾರ್, ಅಂದರೆ ಅತಿ ಉಮೇದು ಮತ್ತು ಖಿನ್ನತೆ ಬಂದು ಹೋಗುವ ರೋಗ, ಇದೆ ಎಂದು ಬಂದಳು. ನಿದ್ದೆ, ಊಟ, ಓದು, ಖರ್ಚು ಕೇಳಿದೆ. ಪರೀಕ್ಷೆಯ ಕಳವಳ ಬಿಟ್ಟರೆ ಏನೂ ಕಾಣಲಿಲ್ಲ. ಮುಂದಿನ ಭೇಟಿಗೆ ನೋಟ್ಸ್ ತರಹೇಳಿದೆ. ರೋಗಲಕ್ಷಣಗಳ ಪಕ್ಕ ಪೆನ್ಸಿಲ್ಲಿನಲ್ಲಿ ಮನೆಯವರು! ಒಸಿಡಿ ಎಂಬ ಗೀಳು ರೋಗದ ಎದುರು ಅಂಗಳ ಗುಡಿಸಿದ್ದನ್ನೇ ಗುಡಿಸುವ ಆಯಿ. ಯಾರ ಒಡನಾಟವೂ ಬೇಡವೆನಿಸುವ ಸ್ಕಿಜಾಯ್ಡ್ ವ್ಯಕ್ತಿತ್ವ ದೋಷದ ಎದುರು ‘ಕಾಕಾ’, ಕೆಳಗೆ ಎರಡು ಗೆರೆ.

“ಯಾರ ಜೋಡಿನೂ ಮಾತಾಡಂಗಿಲ್ರಿ ಮೇಡಂ. ಎಲ್ಲಾ ಲಕ್ಷಣ ಕೂಡತಾವ.”

“ಯಾವಾಗಿಂದ?”

“ಹೋದ ವರ್ಷ ಮಳಿಗೆ ದ್ರಾಕ್ಷಿ ಹಾಳಾದಾಗಿಂದ್ರಿ. ಮೊದ್ಲ ಜಾತ್ರಿ ನಾಟಕದಾಗ ಪಾರ್ಟ್ ಮಾಡತಿದ್ರು.” ತಡೆದು ಹೇಳಿದಳು: “ಈಗ ನಸುಕಿನ್ಯಾಗ ಮೂರಕ್ಕ ಎದ್ದು ಕುಂಡ್ರತಾರ. ಅರ್ಧಾ ರೊಟ್ಟಿ ಹಂಗ ಬಿಡ್ತಾರ.”

ವ್ಯಕ್ತಿತ್ವ ದೋಷ ಹರೆಯದಿಂದಲೇ ಬಂದಿರುತ್ತದೆ, ನಡುವಯಸ್ಸಿನಲ್ಲಿ ಒಂದು ಮಳೆಗೆ ಹುಟ್ಟುವುದಲ್ಲ. ‘ಯಾವಾಗಿಂದ’ ಎಂದು ಕೇಳಲು ಕಲಿಸುವುದು ವಯಸ್ಸಿನ ಜೊತೆ ಮನಸ್ಸು ಬದಲಾಗುವುದನ್ನು ಓದಿಸುವ ಡೆವಲಪ್‌ಮೆಂಟಲ್ ಸೈಕಾಲಜಿ. ಮೌನ ಮಕ್ಕಳೆದುರೋ ಸಾಲ ಕೊಟ್ಟವರೆದುರೋ ಎಂದು ಕೇಳಲು ಕಲಿಸುವುದು ಸೋಶಿಯಲ್ ಸೈಕಾಲಜಿ. ಆ ಎರಡನ್ನೂ ಅವಳು ಗೈಡ್ ಓದಿ ಪಾಸು ಮಾಡಿದ್ದಳು.

ಹೆಸರುಗಳನ್ನು ಅಳಿಸು, ಕಾಕಾನ ಎದುರು ರೋಗದ ಹೆಸರು ಎತ್ತಬೇಡ, ಕಂಡದ್ದನ್ನಷ್ಟೇ ಅಪ್ಪನಿಗೆ ಹೇಳು ಎಂದೆ. ಎರಡು ವಾರ ಮೀರಿ ಮಂಕಾಗಿದ್ದು ನಿದ್ದೆ, ಹಸಿವೂ ಕೆಟ್ಟರೆ ವೈದ್ಯರು ನೋಡಲೇಬೇಕು. ಖಿನ್ನತೆಯ ಅನುಮಾನ ನನಗೂ ಬಂತು, ಆದರೆ ಆ ಮನುಷ್ಯನನ್ನು ನಾನು ನೋಡಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಲಿ. ಅಲ್ಲಿಯವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹುಡುಗಿಯ ಉತ್ಸಾಹಕ್ಕೆ ತಣ್ಣೀರು ಎರಚಿದಿರಿ ಎಂದರು ಉಪನ್ಯಾಸಕರೊಬ್ಬರು. ಒಪ್ಪಲಾರೆ. ಗಮನಿಸಿದ್ದಕ್ಕೆ ಶಾಭಾಸ್ ಅಂದೇ ಕಳಿಸಿದ್ದೇನೆ. ಆದರೆ ಸ್ಕಿಜಾಯ್ಡ್ ಎಂದು ಗೆರೆ ಎಳೆದದ್ದೇ ಅದು ಸ್ವಭಾವ ಎಂದಾಗಿ, ಆಸ್ಪತ್ರೆಯ ಮಾತೇ ಅವಳಿಗೆ ಹೊಳೆದಿರಲಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಬಿ.ಎ. ಸಾಲದು. ಇದನ್ನು ಮೊದಲ ಸೆಮಿಸ್ಟರ್‌ನಲ್ಲೇ ಯಾಕೆ ಹೇಳುವುದಿಲ್ಲವೋ!

ಆಮೇಲೆ ಅವಳ ಅಪ್ಪ ಫೋನ್ ಮಾಡಿದ್ದರು. ನನ್ನ ತಮ್ಮ ಆಸ್ಪತ್ರೆಗೆ ಒಲ್ಲೆ ಅನ್ನುತ್ತಿದ್ದಾನೆ, 14416ಕ್ಕೆ ಮಾತಾಡಲು ಒಪ್ಪಿದ್ದಾನೆ ಎಂದರು.